ಲೋಹದ ಪ್ರಮಾಣ ಅಳೆದರಷ್ಟೇ ಸಾಲದು

ತುಂಗಭದ್ರಾ ಜಲಾಶಯದ ನೀರಿನಲ್ಲಿ ತಾಮ್ರ, ಸತು, ಸೀಸ ಎಷ್ಟಿವೆ ಎಂದು ಅಳೆದು ‘ಮಿತಿಯೊಳಗಿದೆ’ ಎಂದು ಬರೆದ ಮಾತ್ರಕ್ಕೆ ಆ ನೀರು ಜಲಚರಗಳಿಗೆ ಸುರಕ್ಷಿತ ಎನ್ನಲಾಗದು. ಅಷ್ಟೇ ಪ್ರಮಾಣದ ತಾಮ್ರ ಒಂದು ನೀರಿನಲ್ಲಿ ನಿರುಪದ್ರವಿ, ಇನ್ನೊಂದರಲ್ಲಿ ಪ್ರಾಣಾಂತಕ. ಸಮುದ್ರದ ಕಪ್ಪೆಚಿಪ್ಪುಗಳ ಮೇಲೆ ನಡೆದ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿವೆ. ಕೊಳೆತ ಸಸ್ಯಗಳಿಂದ ಬಂದು ನೀರಿನಲ್ಲಿ ಕರಗಿರುವ ಸಾವಯವ ಇಂಗಾಲ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಡಿಯಾಗಿ ಉಳಿದ ತಾಮ್ರವೇ ಕಪ್ಪೆಚಿಪ್ಪಿನ ಎಳೆಯ ಮರಿಗಳಿಗೆ ಮುಖ್ಯವಾಗಿ ವಿಷವಾಗುವುದು. ಆದ್ದರಿಂದ ಆ ಇಂಗಾಲವನ್ನು ಅಳೆದರೆ ವಿಷದ ತೀವ್ರತೆಯನ್ನು ಮೊದಲೇ ಅಂದಾಜಿಸಬಹುದು. ನಮ್ಮದು ಸಿಹಿನೀರು, ಇಲ್ಲಿ ಗಡಸುತನ, ಪಿಎಚ್ ಮೌಲ್ಯಗಳೂ ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿಯೇ ಸಿಹಿನೀರಿನ ತಾಮ್ರದ ಮಿತಿಗೆ ಇಂಥ ಲೆಕ್ಕಾಚಾರವನ್ನು ಒಪ್ಪಿಕೊಂಡಿದೆ.

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಸರಿದಾಗ ಬಿರುಕುಬಿಟ್ಟ ಕೆಸರಿನಲ್ಲಿ ಬಾಯ್ದೆರೆದ ಚಿಪ್ಪುಗಳು ಕಾಣಸಿಗುತ್ತವೆ. ಹೊರಗೆ ಒಣಗಿದ ಮಣ್ಣು, ಒಳಗೆ ಮುತ್ತಿನ ಹೊಳಪು. ಅವು ನೀರಿಳಿದು ಸತ್ತವೋ, ನೀರೇ ಕೆಟ್ಟು ಸತ್ತವೋ ಎಂದು ಹೇಳುವವರಿಲ್ಲ. ಗಣಿ, ಕಾರ್ಖಾನೆಗಳಿರುವ ಬಳ್ಳಾರಿ–ಕೊಪ್ಪಳ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಬೇಕೇ ಬೇಕು.

ಮಾಲಿನ್ಯ ನಿಯಂತ್ರಣ ಮಂಡಳಿಯು ಲೋಹಗಳ ಜೊತೆಗೆ ಕರಗಿದ ಸಾವಯವ ಇಂಗಾಲ, ಗಡಸುತನ ಮತ್ತು ಪಿಎಚ್ ಮೌಲ್ಯವನ್ನು ಒಂದೇ ಸಮಯದಲ್ಲಿ, ಒಂದೇ ಜಾಗದ ನೀರಿನಲ್ಲಿ ಪರೀಕ್ಷಿಸಲಿ. ಗುಡ್ಡಗಳ ಕೆಮ್ಮಣ್ಣು ಕೊಚ್ಚಿ ಬರುವ ಮುಂಗಾರಿನ ಮೊದಲ ಮಳೆಯ ನಂತರವಂತೂ ಈ ಪರೀಕ್ಷೆ ತಪ್ಪಕೂಡದು. ಫಲಿತಾಂಶವನ್ನು ಹಿನ್ನೀರಿನ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಮೀನುಗಾರರಿಗೆ ತಿಳಿಯುವ ಕನ್ನಡದಲ್ಲಿ ಪ್ರಕಟಿಸಲಿ.

–ಒಬ್ಬ ಓದುಗ, ಮುನಿರಾಬಾದ್, ಕೊಪ್ಪಳ ಜಿಲ್ಲೆ