ಗೊರಕೆಯ ಶಸ್ತ್ರಚಿಕಿತ್ಸೆಗೆ ಮುನ್ನ ಪರೀಕ್ಷೆಯಾಗಲಿ

ಮಾನ್ಯರೇ,

ಶಸ್ತ್ರಚಿಕಿತ್ಸೆಯೊಂದೇ ಗೊರಕೆಗೆ ಶಾಶ್ವತ ಪರಿಹಾರವೆಂಬ ಜಾಹೀರಾತುಗಳನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಗೊರಕೆಯ ಹಿಂದೆ ಇರಬಹುದಾದ, ನಿದ್ದೆಯಲ್ಲಿ ಗಂಟಲಿನ ಮೃದು ಭಾಗಗಳು ಕುಸಿದು ಪದೇ ಪದೇ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾಕ್ಕೆ, ವಯಸ್ಕರಲ್ಲಿ ಇಂದಿಗೂ ಸಾಮಾನ್ಯವಾಗಿ ಮೊದಲು ಸೂಚಿಸುವುದು, ಮಾಸ್ಕ್ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನೇ. ನನ್ನ ಪತಿ ಅದರ ಮಾಸ್ಕ್ ತಾಳಲಾರದೆ ನಡುರಾತ್ರಿ ಕಿತ್ತು ದಿಂಬಿನ ಪಕ್ಕಕ್ಕಿಡುತ್ತಿದ್ದರು. ನಿಂತ ಉಸಿರು ಮತ್ತೆ ಗಕ್ಕನೆ ಬರುವವರೆಗೂ ನಾನು ಎಣಿಸುತ್ತಾ ಕೂರುತ್ತಿದ್ದೆ.

ಇಂಥವರಿಗೆ ಶಸ್ತ್ರಚಿಕಿತ್ಸೆ ನೆರವಾಗಬಹುದು, ನಿಜ. ಆದರೆ 1980ರ ದಶಕದಿಂದ ಪ್ರಚಲಿತವಿರುವ, ಕಿರುನಾಲಿಗೆ ಮತ್ತು ಮೃದು ಅಂಗುಳದ ಭಾಗವನ್ನು ಕತ್ತರಿಸುವ ಯುಪಿಪಿಪಿ ವಿಧಾನದಿಂದ, ಅಡಚಣೆ ನಾಲಿಗೆಯ ಬುಡದಲ್ಲಿರುವವರಿಗೆ ಹೆಚ್ಚು ಪ್ರಯೋಜನವಾಗದು. ಮಂಪರು ಔಷಧ ಕೊಟ್ಟು ಎಂಡೋಸ್ಕೋಪಿ ಮಾಡಿದರೆ ಗಂಟಲು ಎಲ್ಲಿ ಕುಸಿಯುತ್ತದೆಂದು ವೈದ್ಯರು ಕಣ್ಣಾರೆ ನೋಡಬಹುದು. ಎರಡೂ ದವಡೆಗಳನ್ನು ಮುಂದಕ್ಕೆ ಸರಿಸುವ ಶಸ್ತ್ರಚಿಕಿತ್ಸೆ ಹೆಚ್ಚು ಪರಿಣಾಮಕಾರಿಯಾದರೂ ಚೇತರಿಕೆಗೆ ವಾರಗಳೇ ಬೇಕು. ನಾಲಿಗೆಯ ನರವನ್ನು ಪ್ರಚೋದಿಸುವ, ಎದೆಯಲ್ಲಿ ಅಳವಡಿಸುವ ಸಾಧನಕ್ಕೆ ಅಮೆರಿಕ 2014ರಲ್ಲಿ ಅನುಮತಿ ನೀಡಿದೆ. ಮಕ್ಕಳ ವಿಷಯ ಬೇರೆ. ಅವರಲ್ಲಿ ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ.

ಆಸ್ಪತ್ರೆಗಳು ಇದನ್ನೆಲ್ಲ ರೋಗಿಗೆ ಕನ್ನಡದಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಗೊರಕೆಯ ಸದ್ದು ಅಡಗಿದರೂ ಉಸಿರುಕಟ್ಟುವುದು ಉಳಿದಿರಬಹುದಾದ್ದರಿಂದ, ಶಸ್ತ್ರಚಿಕಿತ್ಸೆಯ ನಂತರವೂ ನಿದ್ರಾ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು.

– ಓರ್ವ ಓದುಗರು, ಮೈಸೂರು