ನೀಲಿ ಗೆರೆ ಎಳೆದವರಿಗೆ

ಹೋದ ಶುಕ್ರವಾರ ನಮ್ಮ ಮಕ್ಕಳ ನಕ್ಷೆ ಗ್ರಾಮ ಪಂಚಾಯ್ತಿ ಕಚೇರಿಯ ಗೋಡೆ ಏರಿತು. ನಾಲ್ಕು ಡ್ರಾಯಿಂಗ್ ಶೀಟ್ ಅಂಟಿಸಿ ಮಾಡಿದ ನಕ್ಷೆ. ಶಾಲೆ ಹಿಂದಿನ ಗುಡ್ಡ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಕಾನು ಅನ್ನುವ ದಟ್ಟ ಹಸಿರು ಕಾಡು, ಅಲ್ಲಿಂದ ಇಳಿಯುವ ಹನ್ನೊಂದು ಹಳ್ಳ. ಐದು ಹಳ್ಳಕ್ಕೆ ನೀಲಿ ಗೆರೆ, ಆರಕ್ಕೆ ಕಪ್ಪು. ಅವತ್ತು ಮೈಕ್ ಕೈಗೆ ಕೊಟ್ಟಾಗ ನನಗೆ ಗಂಟಲು ಕಟ್ಟಿತು. ‘ಎಲ್ಲರಿಗೂ ಥ್ಯಾಂಕ್ಸ್’ ಅಂದು ಕೂತುಬಿಟ್ಟೆ. ಅಷ್ಟು ಸಾಲದು ಅಂತ ಮನೆಗೆ ಬಂದ ಮೇಲೆ ಅನ್ನಿಸಿತು. ಅದಕ್ಕೇ ಈ ಬರಹ.

ನಾನು ಗದಗದ ಕಡೆಯವಳು. 2015ರಲ್ಲಿ ಸಿದ್ದಾಪುರ ತಾಲೂಕಿನ ಈ ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಿಸಲು ಬಂದೆ. ನಮ್ಮೂರಲ್ಲಿ ಇಡೀ ವರ್ಷ ಬೀಳುವುದಕ್ಕಿಂತ ಜಾಸ್ತಿ ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿತ್ತು. ಒದ್ದೆ ಸೀರೆಯಲ್ಲೇ ನಿಂತು ಬೋರ್ಡಿನ ಮೇಲೆ ‘ಜಲವಿಭಾಜಕ’ ಅಂತ ಬರೆದು, ಹಿಮಾಲಯದ ಉದಾಹರಣೆ ಕೊಡಲು ಹೊರಟಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಿಟಕಿ ಆಚೆ ಕೈ ತೋರಿಸಿದಳು. ‘ಅಕ್ಕೋರೆ, ನಮ್ಮ ಗುಡ್ಡವೂ ಅದೇ ಅಲ್ವಾ? ಆಚೆ ಬಿದ್ದ ನೀರು ವರದೆಗೆ, ಈಚೆಯದ್ದು ಅಘನಾಶಿನಿಗೆ.’

ನನಗೆ ಗೊತ್ತೇ ಇರಲಿಲ್ಲ! ವರದೆ ಸೇರಿದ ನೀರು ತುಂಗಭದ್ರೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಘನಾಶಿನಿಯದ್ದು ಘಟ್ಟ ಇಳಿದು ಕುಮಟಾದ ಹತ್ತಿರ ಅರಬ್ಬೀ ಸಮುದ್ರಕ್ಕೆ. ಮುಂದಿನ ವರ್ಷದಿಂದ ಶನಿವಾರದ ಭೂಗೋಳ ಕಾಡಿನಲ್ಲೇ ಅಂತ ಮಾಡಿದೆವು. ಆ ಹುಡುಗಿ ಈಗ ಸಿರಸಿಯಲ್ಲಿ ನರ್ಸ್. ಮೊದಲ ಕೃತಜ್ಞತೆ ಅವಳಿಗೆ.

ಕಾಡಿಗೆ ಹೋಗಿ ಏನು ಮಾಡುತ್ತೀರಿ, ಪಿಕ್ನಿಕ್ಕಾ ಅಂತ ಕೇಳಿದವರು ಕಡಿಮೆ ಇಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಹಾಲಿನ ಪುಡಿಯ ಡಬ್ಬಿಯ ಎರಡೂ ಬದಿ ಕತ್ತರಿಸಿ, ನೆಲಕ್ಕೆ ಎರಡು ಬೆರಳು ಹೂಳಿ, ಒಂದು ಲೀಟರ್ ನೀರು ಸುರಿಯುವುದು. ಮಕ್ಕಳು ಒಂದು, ಎರಡು ಎಣಿಸುತ್ತಾರೆ. ಕಾನಿನ ಒಳಗೆ, ದರಕಿನ, ಅಂದರೆ ಉದುರಿದ ಒಣ ಎಲೆಗಳ ಅಡಿಯ ಮಣ್ಣಿನಲ್ಲಿ, ನೂರು ಮುಟ್ಟುವ ಮೊದಲೇ ನೀರು ಮಾಯ. ಅದೇ ಡಬ್ಬಿ ನಮ್ಮ ಆಟದ ಮೈದಾನದಲ್ಲಿ ಊರಿದರೆ, ಪೀರಿಯಡ್ ಮುಗಿದು ಬೆಲ್ ಹೊಡೆದರೂ ನೀರು ಹಾಗೇ ನಿಂತಿತ್ತು. ಮಣ್ಣು ಹೀರಿದ ನೀರೇ ಆಮೇಲೆ ನಿಧಾನವಾಗಿ ಹಳ್ಳಕ್ಕೆ ಇಳಿಯುವುದು. ಹಳ್ಳ ಬೇಸಿಗೆಯಲ್ಲಿ ಯಾಕೆ ಹರಿಯುತ್ತದೆ, ಯಾಕೆ ಬತ್ತುತ್ತದೆ ಅಂತ ಆಮೇಲೆ ನಾನು ಜಾಸ್ತಿ ಹೇಳಬೇಕಾಗಲಿಲ್ಲ. ಹತ್ತು ಮೀಟರ್ ಹಗ್ಗ ಎಳೆದು, ಒಣ ಕಡ್ಡಿ ತೇಲಿಬಿಟ್ಟು ಹಳ್ಳದ ವೇಗ ಅಳೆದೆವು. ಕೋನಮಾಪಕಕ್ಕೆ ನೂಲು, ನೂಲಿಗೆ ಒಂದು ನಟ್ಟು ಕಟ್ಟಿ ಗುಡ್ಡದ ಇಳಿಜಾರು ಅಳೆದೆವು. ನಟ್ಟು ಬೋಲ್ಟು ಕೊಟ್ಟ ಗ್ಯಾರೇಜಿನ ಅಣ್ಣ ಇವತ್ತಿಗೂ ದುಡ್ಡು ತೆಗೆದುಕೊಂಡಿಲ್ಲ.

ರಕ್ತ ಹೀರುವ ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟವರು ಬಿಸಿಯೂಟದ ಅಕ್ಕಂದಿರು. ಮಕ್ಕಳು ಕಾಡಿನಿಂದ ತಡವಾಗಿ ಬಂದರೆ ಗೊಣಗುತ್ತಲೇ ಸಾರು ಮತ್ತೆ ಬಿಸಿ ಮಾಡುತ್ತಿದ್ದರು. ಅನುಮತಿ ಕೊಟ್ಟ ಅರಣ್ಯ ಇಲಾಖೆಯವರಿಗೆ, ಅದಕ್ಕಿಂತ ಹೆಚ್ಚಾಗಿ ಪ್ರತಿ ಸಲ ಮುಂದೆ ನಡೆದ ವಾಚರಣ್ಣನಿಗೆ ದೊಡ್ಡ ನಮಸ್ಕಾರ. ನಮ್ಮನ್ನು ಕತ್ತಲೆಕಾನು ಅನ್ನುವ ಕಾಡಿಗೆ ಕರೆದುಕೊಂಡು ಹೋಗಿ, ಜೌಗಿನ ಕೆಸರಿನಿಂದ ಮೊಣಕಾಲಿನ ಹಾಗೆ ಎದ್ದ ರಾಮಪತ್ರೆ ಜಾತಿಯ ಮರಗಳ ಬೇರು ತೋರಿಸಿದ್ದು ಅವರೇ. ಅವತ್ತು ಸಿಂಗಳೀಕವೂ ಕಂಡಿತು. ನನಗೆ ಮಾತ್ರ ಕಾಣಲಿಲ್ಲ. ಕನ್ನಡಕ ಒರೆಸುತ್ತಿದ್ದೆ.

ಇನ್ನು ಬಣ್ಣದ ವಿಷಯ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಯಲ್ಲಿ ವರ್ಷವಿಡೀ ಹರಿಯುವ ಹಳ್ಳಕ್ಕೆ ನೀಲಿ, ಮಳೆಗಾಲದ್ದಕ್ಕೆ ಕಪ್ಪು. ನಮ್ಮ ನಕ್ಷೆಯಲ್ಲೂ ಹಾಗೇ ಇರಲಿ ಅಂದರು ಮಕ್ಕಳು. ಆದರೆ ಹಳ್ಳ ಬತ್ತುತ್ತದೋ ಇಲ್ಲವೋ ನೋಡಬೇಕಾದದ್ದು ಫೆಬ್ರವರಿಯಿಂದ ಮೇವರೆಗೆ. ಮಂಗನ ಕಾಯಿಲೆಯ ಕಾಲವೂ ಅದೇ. ಈ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು, ಅಂದರೆ ಉಣ್ಣೆ ಹುಳ. ಬೇಸಿಗೆಯಲ್ಲಿ ಅದರ ಕಾಟ ಜಾಸ್ತಿ. ಡಿಸೆಂಬರ್ ಬಂದರೆ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಬೇಡಿ ಅಂತ ನಮ್ಮ ಆಶಾ ಕಾರ್ಯಕರ್ತೆ ಮೊದಲ ವರ್ಷವೇ ಖಡಾಖಂಡಿತ ಹೇಳಿದ್ದರು. ನನಗೆ ಸಿಟ್ಟು ಬಂದಿತ್ತು. ಅವರೇ ಸರಿ. ಆ ಸಿಟ್ಟಿಗೆ ಇಲ್ಲಿ ಕ್ಷಮೆ ಕೇಳುತ್ತೇನೆ. ಹೀಗಾಗಿ ನಮ್ಮ ಹಳ್ಳಗಳು ಎಷ್ಟೋ ವರ್ಷ ಪೆನ್ಸಿಲ್ ಗೆರೆಯಾಗಿಯೇ ಉಳಿದವು.

ಅದರ ಮೇಲೆ 2022ರ ನವೆಂಬರ್. ಕಾಲುಸಂಕದ ಕೆಳಗೆ ಹಳ್ಳದ ಅಗಲ ಅಳೆಯುವಾಗ ಎಂಟನೇ ಕ್ಲಾಸಿನ ಹುಡುಗ ಪಾಚಿಗಲ್ಲಿನ ಮೇಲೆ ಜಾರಿದ. ಮಣಿಕಟ್ಟು ಮುರಿಯಿತು. ಯಾರದೋ ಜೀಪು ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಅವನು ಅಳಲಿಲ್ಲ, ಅತ್ತವಳು ನಾನು. ಆಮೇಲೆ ದೂರು ಹೋಯಿತು. ಮೇಲಿನಿಂದ ವಿವರಣೆ ಕೇಳಿ ಕಾಗದ ಬಂತು. ತಪ್ಪು ನನ್ನದೇ. ಮಕ್ಕಳ ಕಾಲಲ್ಲಿ ಏನಿದೆ ಅಂತ ನೋಡದೆ ಹಳ್ಳಕ್ಕೆ ಇಳಿಸಿದ್ದೆ. ಶನಿವಾರದ ಪಾಠ ನಿಂತಿತು. ಹೆಡ್‌ಮಾಸ್ತರು ಒಂದು ಮಾತೂ ಆಡದೆ, ಆ ಕಾಗದದ ಉತ್ತರದ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಅದನ್ನು ನಾನು ಮರೆಯುವುದಿಲ್ಲ.

ಜೂನ್‌ನಲ್ಲಿ ಪಾಲಕರ ಸಭೆ. ‘ಇನ್ನು ಕಾಡಿನ ಪಾಠ ಬೇಡ’ ಅಂತ ನಾನೇ ಹೇಳಲು ಎದ್ದಿದ್ದೆ. ಅಷ್ಟರಲ್ಲಿ ಆ ಹುಡುಗನ ಅಮ್ಮ ಹಿಂದಿನ ಬೆಂಚಿನಿಂದ, ‘ಅಕ್ಕೋರೆ, ಅವ ಮಾವಿನ ಮರದಿಂದ್ಲೂ ಬಿದ್ದವ. ಈ ಸಲ ಹವಾಯಿ ಚಪ್ಪಲಿ ಹಾಕ್ಕಂಡು ಹಳ್ಳ ಇಳಿಯೋದು ಬೇಡ ಅಂತ ಹೇಳಿ, ಸಾಕು’ ಅಂದರು. ಸಭೆ ನಕ್ಕಿತು. ನನಗೆ ನಗಲು ಆಗಲಿಲ್ಲ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಬೇಸಿಗೆಯಲ್ಲಿ ಮಕ್ಕಳಿಗೆ ಕಾಡಿಗೆ ಹೋಗಲಾಗದು ಅಂತ ಮಗ ಹೇಳಿದ್ದನಂತೆ. ‘ನಾವು ದರಕು ಗುಡಿಸಲಿಕ್ಕೆ ಹೋಗೇ ಹೋಗ್ತೇವೆ. ಎಂತ ನೋಡಬೇಕು, ಬರ್ದು ಕೊಡಿ’ ಅಂದರು. ಬರೆದುಕೊಟ್ಟೆ: ಯಾವ ಹಳ್ಳ, ಯಾವ ದಿನ, ನೀರು ಹರಿಯುತ್ತಿದೆಯಾ, ನಿಂತಿದೆಯಾ, ಇಲ್ಲವಾ. ಉಣುಗು ಕಚ್ಚದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋದ ಹೆಂಗಸರು, ಹೊರೆ ಇಳಿಸಿದ ಮೇಲೆ ಶಾಲೆಯ ಕಟ್ಟೆಗೆ ಬಂದು ವರದಿ ಕೊಟ್ಟರು. ತೋಟಕ್ಕೆ ಹಳ್ಳದಿಂದಲೇ ಅಬ್ಬಿ ನೀರು, ಅಂದರೆ ಪಂಪಿಲ್ಲದೆ ತಾನೇ ಇಳಿದು ಬರುವ ನೀರು ತರುವವರೊಬ್ಬರು ಪೈಪು ಒಣಗಿದ ದಿನಕ್ಕೆ ಗೋಡೆ ಕ್ಯಾಲೆಂಡರಿನಲ್ಲಿ ಅಡ್ಡಗೆರೆ ಹಾಕುತ್ತಿದ್ದರು. ಹಳೆಯ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಹಾಗೇ ತಂದುಕೊಟ್ಟರು. ಹಾಲಿನ ಗಾಡಿ ಓಡಿಸುವವರು ಸೇತುವೆ ಮೇಲೆ ನಿಧಾನಿಸಿ ಇಣುಕಿ, ಫೋನ್ ಮಾಡುತ್ತಿದ್ದರು. ಎರಡು ಬೇಸಿಗೆ ಹೀಗೆ ನಡೆಯಿತು. ಮಕ್ಕಳು ಕ್ಲಾಸಿನಲ್ಲಿ ಕೂತು, ನೀವು ಹೇಳಿದ್ದನ್ನು ಹೋಲಿಸಿ, ಜಗಳ ಆಡಿ, ಪೆನ್ಸಿಲ್ ಗೆರೆ ಅಳಿಸಿ ಬಣ್ಣ ತುಂಬಿದರು. ಆ ಐದು ನೀಲಿ ಗೆರೆ ನೀವು ನಡೆದು ನೋಡಿದ್ದು. ನಕ್ಷೆಯ ಮೂಲೆಯಲ್ಲಿ ನಿಮ್ಮ ಹೆಸರುಗಳು ಇವೆ. ಅಕ್ಷರ ಸಣ್ಣದಾಯಿತು, ಜಾಗ ಸಾಲಲಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಶುಕ್ರವಾರ ಎಲ್ಲರೂ ಚಹಾಕ್ಕೆ ಹೋದ ಮೇಲೆ ಅಜ್ಜಿಯೊಬ್ಬರು ನಕ್ಷೆಯ ಮುಂದೆ ನಿಂತೇ ಇದ್ದರು. ಮೊಮ್ಮಗಳ ಹತ್ತಿರ ಹಳ್ಳದ ಹೆಸರು ಓದಿಸಿ, ಒಂದು ಕಪ್ಪು ಗೆರೆಯ ಮೇಲೆ ಬೆರಳಿಟ್ಟರು. ‘ನಾ ಮದುವೆಯಾಗಿ ಬಂದಾಗ ಇದ್ರಲ್ಲಿ ಯುಗಾದಿಗೂ ಬಟ್ಟೆ ಒಗೀತಿದ್ವಿ’ ಅಂದರು. ಮಕ್ಕಳು ನನ್ನ ಮುಖ ನೋಡಿದರು. ಮುಂಚೆ ನೀಲಿ ಇದ್ದು ಈಗ ಕಪ್ಪಾದ ಹಳ್ಳಕ್ಕೆ ನಮ್ಮ ನಕ್ಷೆಯಲ್ಲಿ ಗುರುತೇ ಇಲ್ಲ. ಕಪ್ಪು ಗೆರೆಯ ಪಕ್ಕ ನೀಲಿ ಚುಕ್ಕಿ ಅಂತ ಹತ್ತನೇ ಕ್ಲಾಸಿನವರು ತೀರ್ಮಾನ ಮಾಡಿದ್ದಾರೆ. ಗಾಜು ಬಿಚ್ಚಲು ಪಂಚಾಯ್ತಿಯವರನ್ನು ಕೇಳಿದ್ದೇವೆ. ಅಜ್ಜಿ, ಸೋಮವಾರ ಮಕ್ಕಳನ್ನು ನಿಮ್ಮ ಮನೆಗೆ ಕಳಿಸುತ್ತೇನೆ. ಉಳಿದ ಐದು ಕಪ್ಪು ಹಳ್ಳದ ಕಥೆಯನ್ನೂ ಅವರಿಗೆ ಹೇಳಿ.