ಒಂದು ಅರ್ಕಾವತ್ತಿನ ಟೆಸ್ಟ್, ಹಲವರ ಋಣ

ಲಿಬ್ರೆ ಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶಕ್ಕಾಗಿ ನಾನು ಬರೆದ ಟೆಸ್ಟ್ ಕಳೆದ ವಾರ ಮೂಲ ಕೋಡ್‌ಗೆ ಸೇರಿತು. ಅದರಿಂದ ಹೊಸ ಸೌಲಭ್ಯವೇನೂ ಬಂದಿಲ್ಲ, ಯಾವ ದೋಷವೂ ನಿವಾರಣೆಯಾಗಿಲ್ಲ. ಈಗ ಸರಿಯಾಗಿ ನಡೆಯುತ್ತಿರುವುದು ಮುಂದೆಯೂ ಸರಿಯಾಗಿ ನಡೆಯುತ್ತಿದೆಯೇ ಎಂದು ಕಾಯುವ ಕೆಲವೇ ಸಾಲು ಸಿ ಪ್ಲಸ್ ಪ್ಲಸ್ ಕೋಡ್, ಅಷ್ಟೇ. ಇಷ್ಟಕ್ಕೆಲ್ಲ ಕೃತಜ್ಞತೆಯ ಬರಹವೇ ಎಂದು ನಗುವವರು ನಗಲಿ, ಋಣವಂತೂ ದೊಡ್ಡದಿದೆ.

ಮೊದಲ ನಮಸ್ಕಾರ ಬಾಗಲಕೋಟೆಯ ನವನಗರದಲ್ಲಿ ಡಿಟಿಪಿ ಅಂಗಡಿ ನಡೆಸುವ ನಮ್ಮ ಕಾಕಾ ಅವರಿಗೆ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಬೆರಳು ಪಳಗಿಸಿಕೊಂಡವರು. ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್ ಎಂದರೆ ಮೊದಮೊದಲು ಮುಖ ಸಿಂಡರಿಸುತ್ತಿದ್ದರು. ಅವರನ್ನು ಬದಲಾಯಿಸಿದ್ದು ಗಿರಾಕಿಗಳು. ಲಗ್ನಪತ್ರಿಕೆಯ ಪಿಡಿಎಫ್ ಕೈಗೆ ಬಂದೊಡನೆ ಅದರ ಸಾಲುಗಳನ್ನು ನಕಲಿಸಿ ವಾಟ್ಸ್‌ಆ್ಯಪ್‌ಗೆ ಹಾಕಲು ನೋಡುತ್ತಾರೆ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿ ಕೂರಿಸಿದ ಹಳೆಯ ಆಸ್ಕಿ ಫಾಂಟಿನ ಪಿಡಿಎಫ್ ಆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಗತಿ. “ಯುನಿಕೋಡ್‌ನಲ್ಲಾದರೂ ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂದು ದಿನಾಲೂ ಯಾರು ನೋಡುತ್ತಾರೆ ತಮ್ಮಾ?” ಎಂದು ಕಾಕಾ ಕೇಳಿದರು. ಅಲ್ಲಿಂದ ಶುರುವಾಯಿತು.

ಕೇಳಬೇಕಾದ ಪ್ರಶ್ನೆಯೇ ಅದು. ‘ಆಶೀರ್ವಾದ’ ಎಂದು ಬೆರಳಚ್ಚು ಮಾಡಿದಾಗ ಕಡತದಲ್ಲಿ ರಕಾರ, ಹಲಂತ ಚಿಹ್ನೆ, ವಕಾರ, ದೀರ್ಘ ಎಂಬ ಕ್ರಮವಿರುತ್ತದೆ. ತೆರೆಯ ಮೇಲೆ ಮೂಡುವಾಗ ರಕಾರ ಅರ್ಕಾವತ್ತಾಗಿ ‘ವಾ’ ದಾಟಿ ಆಚೆ ಹೋಗಿ ನಿಲ್ಲುತ್ತದೆ. ಈ ಜೋಡಣೆ ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಕೆಲಸ. 2017ರಲ್ಲಿ ಬಂದ 5.3 ಆವೃತ್ತಿಯಿಂದ ಲಿಬ್ರೆ ಆಫೀಸ್ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಅದನ್ನೇ ನೆಚ್ಚಿಕೊಂಡಿದೆ. ಪಿಡಿಎಫ್‌ನಲ್ಲಿ ಕೂರುವುದು ಹೀಗೆ ಸ್ಥಳ ಬದಲಿಸಿದ ಆಕೃತಿಗಳು. ನಕಲಿಸುವವರಿಗೆ ಮೂಲ ಕ್ರಮವೇ ಸಿಗಬೇಕೆಂದರೆ ಆಕೃತಿಗಳ ಜೊತೆಗೆ ಮೂಲ ಪಠ್ಯವನ್ನೂ ಬರೆದಿಡಬೇಕು. ನನ್ನ ಟೆಸ್ಟ್ ಪುಟ್ಟ ಕಡತವೊಂದನ್ನು ಪಿಡಿಎಫ್ ಮಾಡಿಸಿ, ಅದರಿಂದ ಪಠ್ಯವನ್ನು ಹೊರತೆಗೆದು, ‘ಆಶೀರ್ವಾದ’ ಹಾಗೆಯೇ ಉಳಿದಿದೆಯೇ ಎಂದು ಹೋಲಿಸುತ್ತದೆ. (‘ಆರ್ಶೀವಾದ’ ಎಂದೇ ಅಚ್ಚು ಹಾಕಿಸುವ ಗಿರಾಕಿಗಳನ್ನು ಹಿಡಿಯಲು ಯಾವ ಟೆಸ್ಟಿನಿಂದಲೂ ಆಗದು.)

ಕೋಡ್ ಬದಲಾವಣೆಗಳನ್ನು ಪರಿಶೀಲಿಸುವ ಗೆರಿಟ್ ಎಂಬ ತಾಣದಲ್ಲಿ ನನ್ನ ಪ್ಯಾಚ್ ನೋಡಿದ ಪರಿಶೀಲಕರಿಗೆ ಕನ್ನಡದ ಒಂದಕ್ಷರವೂ ಬಾರದು. ಆದರೂ ಅವರಷ್ಟು ತಾಳ್ಮೆಯಿಂದ ನನ್ನ ಕನ್ನಡವನ್ನು ಓದಿದವರು ಕಡಿಮೆ. ಎಲ್ಲ ಯಂತ್ರಗಳಲ್ಲೂ ಕನ್ನಡ ಫಾಂಟ್ ಇರುವುದಿಲ್ಲ, ಕಡತದೊಳಗೇ ಹುದುಗಿಸಿ ಎಂದರು. ನೋಟೊ ಸ್ಯಾನ್ಸ್ ಕನ್ನಡದ ಪರವಾನಗಿ ಅದಕ್ಕೆ ಅಡ್ಡ ಬರುವುದಿಲ್ಲವಾದ್ದರಿಂದ ಹಾಗೆಯೇ ಮಾಡಿದೆ. ಮೂಲ ಪಠ್ಯ ಬರೆದಿಡುವ ಸಾಲುಗಳನ್ನು ಬೇಕೆಂದೇ ತೆಗೆದುಹಾಕಿ ಓಡಿಸಿ, ಆಗ ಟೆಸ್ಟ್ ಸೋಲಬೇಕು ಎಂದರು. ಸೋತಿತು. ಸೋತಿದ್ದಕ್ಕೆ ಅಷ್ಟು ಖುಷಿಪಟ್ಟಿದ್ದು ನನಗೆ ನೆನಪಿಲ್ಲ. ಸಾಲುಗಳನ್ನು ಮತ್ತೆ ಇಟ್ಟು ಕಳಿಸಿದಾಗ ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸಿ ನೋಡುವ ಜೆಂಕಿನ್ಸ್ ವ್ಯವಸ್ಥೆ ಎಲ್ಲ ಕಡೆ ಹಸಿರು, ಎಂದರೆ ಗೆಲುವು, ತೋರಿಸಿತು. ಇನ್ನು ಮುಂದೆ ಬರ್ಲಿನ್ನಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಪಿಡಿಎಫ್ ಕೋಡ್ ತಿದ್ದುವವರಿಗೆ ಕನ್ನಡ ಬರಬೇಕಿಲ್ಲ; ಅರ್ಕಾವತ್ತು ಕೆಟ್ಟರೆ ಅವರ ಮುಂದೆಯೇ ಕೆಂಪು ಬೀಳುತ್ತದೆ.

ಮನೆಯವರ ಪಾಲೂ ಸಣ್ಣದಲ್ಲ. ಲಿಬ್ರೆ ಆಫೀಸ್‌ನ ಮೊದಲ ಬಿಲ್ಡ್ (ಮೂಲ ಕೋಡ್‌ನಿಂದ ತಂತ್ರಾಂಶ ಕಟ್ಟುವುದು) ಎಂದರೆ ನನ್ನ ಹಳೆಯ ಲ್ಯಾಪ್‌ಟಾಪಿಗೆ ಗಂಟೆಗಟ್ಟಲೆ ಏದುಸಿರು. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದಾಗ ಇನ್ವರ್ಟರ್‌ನಿಂದ ಟಿವಿಯನ್ನು ಕಳಚಿ ನನಗೆ ಜಾಗ ಬಿಟ್ಟುಕೊಟ್ಟವರು ನಮ್ಮ ವೈನಿ. ಧಾರಾವಾಹಿಯ ಆ ಕಂತು ತಪ್ಪಿದ್ದನ್ನು ಅವರು ಇನ್ನೂ ಮರೆತಿಲ್ಲ, ನಾನೂ ಮರೆತಿಲ್ಲ. ಬೆಳಗಾವಿಯ ಗೆಳೆಯ ಸಿಸಿಕ್ಯಾಶ್ ಎಂಬ ಸಾಧನ ಹಾಕಿಕೊಟ್ಟ ಮೇಲೆ ಒಮ್ಮೆ ಕಂಪೈಲ್ ಆದದ್ದನ್ನು ಮತ್ತೆ ಅರೆಯುವ ಕೆಲಸ ತಪ್ಪಿತು. ಏಕಕಾಲಕ್ಕೆ ನಡೆಯುವ ಕೆಲಸಗಳನ್ನು ಎರಡಕ್ಕೆ ಇಳಿಸು, ಮೆಮೊರಿ ಸಾಲದೆ ಬಿಲ್ಡ್ ಸಾಯುವುದು ನಿಲ್ಲುತ್ತದೆ ಎಂದು ಹೇಳಿಕೊಟ್ಟವನೂ ಅವನೇ.

ಒತ್ತಕ್ಷರಗಳ ಟೆಸ್ಟ್ ಇನ್ನೂ ಬರೆಯಬೇಕಿದೆ. ‘ಸ್ತ್ರೀ’, ‘ರಾಷ್ಟ್ರ’ದಂಥ ಎರಡೆರಡು ಒತ್ತುಗಳಿರುವ ಕಡತಗಳು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕೊಡಿ. ಕೊಡುವ ಮುಂಚೆ ವಧೂವರರ ಹೆಸರು, ಮೊಬೈಲ್ ಸಂಖ್ಯೆ ಅಳಿಸಿಬಿಡಿ. ಟೆಸ್ಟಿಗೆ ಸೇರಿದ ಕಡತವನ್ನು ಜಗತ್ತಿನಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು.